ನಿಮ್ಮಪ್ಪನ ಟ್ಯಾಂಕ್ ಬ್ಯಾಗು

ಭದ್ರಾವತಿ, ಹಳೇನಗರ
ಕಾರ್ತಿಕ ಬಹುಳ ಪಂಚಮಿ, ಬುಧವಾರ
೨೦-೧೧-೨೦೨೪

ಪ್ರೀತಿಯ ಅಮ್ಮೂ,

ನಿನ್ನ ಕೆಮ್ಮು ಹೇಗಿದೆ? ಬೀದರಿನಲ್ಲಿ ಈಗಲೇ ಚಳಿ ಜೋರಾಗಿದೆ ಎಂದು ಪೇಪರಿನಲ್ಲಿ ಓದಿದೆ. ಬೆಳಿಗ್ಗೆ ಬ್ಯಾಂಕಿಗೆ ಹೊರಡುವಾಗ ಕಿವಿ ಮುಚ್ಚಿಕೊಂಡು ಹೋಗು. ಕೂದಲು ಕೆಡುತ್ತದೆ ಎಂದು ಸ್ಕಾರ್ಫ್ ಬಿಟ್ಟು ಹೋಗುವ ನಿನ್ನ ಬುದ್ಧಿ ನನಗೆ ಗೊತ್ತಿದೆ. ಕಷಾಯದ ಪುಡಿ ಮುಗಿದಿದ್ದರೆ ಹೇಳು, ಹುರಿದು ಕಳಿಸುತ್ತೇನೆ. ನಾವಿಬ್ಬರೂ ಚೆನ್ನಾಗಿದ್ದೇವೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಒಂದು ಕಿವಿಯನ್ನು ನನಗೆ ಕೊಟ್ಟು ಎರಡು ಕಣ್ಣನ್ನೂ ಕಂಪ್ಯೂಟರಿಗೆ ಕೊಟ್ಟಿರುತ್ತೀಯ. ಈ ಸುದ್ದಿಗೆ ಅಷ್ಟು ಸಾಲದು. ನಿಮ್ಮಪ್ಪ ಗಾಡಿಗೆ ಟ್ಯಾಂಕ್ ಬ್ಯಾಗ್ ಕೊಂಡಿದ್ದಾರೆ.

ಅದೇನು ಎಂದು ನೀನು ಕೇಳಬಹುದು, ನಾನೂ ಕೇಳಿದೆ. ಪೆಟ್ರೋಲ್ ಟ್ಯಾಂಕಿನ ಮೇಲೆ, ಓಡಿಸುವವನ ಹೊಟ್ಟೆಗೆ ಎದುರಾಗಿ ಕಟ್ಟುವ ಚೀಲವಂತೆ. ಹಿಮಾಲಯಕ್ಕೆ ಹೋಗುವ ಹುಡುಗರು ಕಟ್ಟಿಕೊಳ್ಳುತ್ತಾರಂತೆ. ನಿಮ್ಮಪ್ಪ ಹೋಗುವುದು ಶಿವಮೊಗ್ಗದ ನವುಲೆಯ ಗೃಹಪ್ರವೇಶಕ್ಕೆ, ಇನ್ನೂ ದೂರ ಎಂದರೆ ರಾಗಿಗುಡ್ಡದ ಆಚೆ ಯಾರದೋ ಸೈಟಿನ ಭೂಮಿಪೂಜೆಗೆ. ಏರಿನಲ್ಲಿ ನಾನು ಹಿಂದೆ ಕೂತಿದ್ದರೆ ನರಳುವ ಆ ನೂರು ಸಿಸಿ ಗಾಡಿಗೆ ಹಿಮಾಲಯದ ಶೃಂಗಾರ! ಇಷ್ಟು ವರ್ಷ ಪೂಜಾ ಸಾಮಾನಿನ ಚೀಲ ನನ್ನ ತೊಡೆಯ ಮೇಲೆ ಕೂತು ಜಿಲ್ಲೆಯೆಲ್ಲ ಸುತ್ತಿದೆ. ಪಂಚಪಾತ್ರೆ, ದೇವರನ್ನಿಡುವ ಸಂಪುಷ್ಟ, ದರ್ಭೆಯ ಕಟ್ಟು, ಅವರ ಮಡಿಪಂಚೆ, ಎಲ್ಲ. ಒಂದು ಉದ್ಧರಣೆಯಾದರೂ ದಾರಿಯಲ್ಲಿ ಬಿದ್ದದ್ದಿಲ್ಲ. ಆ ವ್ಯವಸ್ಥೆ ಈಗ ಹಳೆಯದಾಯಿತಂತೆ.

ಈ ಹುಳು ಬಿಟ್ಟವನು ಶಿವಮೊಗ್ಗದ ಶಿವಪ್ರಸಾದ್. ನಿನಗೆ ನೆನಪಿರಬೇಕು, ನಿಮ್ಮಪ್ಪನ ಹತ್ತಿರ ಎರಡು ಮಳೆಗಾಲ ಪಾಠಕ್ಕೆ ಬಂದು ರುದ್ರವನ್ನು ಅರ್ಧಕ್ಕೆ ಬಿಟ್ಟು ಹೋದವನು. ಈಗ ಅವನಿಗೆ ಬಣ್ಣದ ಕಾರ್ಡಿದೆ, ಕೆನ್ನೆಗೆ ಅಂಟಿಕೊಳ್ಳುವ ಮೈಕಿದೆ, ಪಂಚೆಯ ಮೇಲೆ ಜಾಕೆಟ್ ಹಾಕಿ ಓಡಿಸುವ ಎಮ್ಮೆಯಂಥ ಬೈಕಿದೆ. ರುದ್ರ ಮಾತ್ರ ಅಲ್ಲೇ ಅರ್ಧಕ್ಕೆ ನಿಂತಿದೆ. ಪೂಜೆಗೆ ಪ್ಯಾಕೇಜ್ ಎನ್ನುತ್ತಾನೆ, ಹೋಮಕ್ಕೆ ಈವೆಂಟ್ ಎನ್ನುತ್ತಾನೆ. ದೀಪಾವಳಿ ಮುಗಿದ ಮರುವಾರ ನಮ್ಮ ಮನೆಗೆ ಬಂದು, ನಾನು ಕೊಟ್ಟ ಕಾಫಿಯನ್ನೇ ಕುಡಿಯುತ್ತಾ, "ಗುರುಗಳೇ, ಅಮ್ಮನ್ನ ಯಾಕೆ ಹಿಂದೆ ಕೂರಿಸ್ಕೊಂಡು ಅಲೀತೀರಿ? ಒಂದು ಟ್ಯಾಂಕ್ ಬ್ಯಾಗ್ ಹಾಕ್ಸಿ, ಫ್ರೀಯಾಗಿ ಒಬ್ರೇ ಓಡಾಡಿ" ಎಂದ. ನಾನು ಅಲ್ಲೇ ನಿಂತಿದ್ದೆ ಮಾರಾಯ್ತಿ, ಬಾಗಿಲ ಹಿಂದೆ ಅಲ್ಲ, ಎದುರಿಗೇ! ನಿಮ್ಮಪ್ಪ ಅವನಿಗೆ ಬೈಯುತ್ತಾರೆ ಎಂದು ಕಾದೆ. ಅವರು, "ಅದರ ಮೇಲ್ಗಡೆ ಫೋನ್ ಇಡಕ್ಕೆ ಜಾಗ ಇರುತ್ತಲ್ವಾ?" ಎಂದು ಕೇಳಿದರು.

ಮೊದಲು ನೋಡಿದ್ದು ಇಲ್ಲೇ ನಮ್ಮೂರಿನ ಬಜಾರಿನ ಸೀಟ್ ಕವರ್ ಅಂಗಡಿಯಲ್ಲಿ. ಮಾಲೀಕ ಒಂದು ಕರಿ ಚೀಲ ತೆಗೆದು ಟ್ಯಾಂಕಿನ ಮೇಲೆ ಎಸೆದ. ಟಪ್ ಎಂದು ಕೂತಿತು. "ಮ್ಯಾಗ್ನೆಟ್ಟು ಸಾಮಿ, ಸುನಾಮಿ ಬಂದ್ರೂ ಅಲ್ಲಾಡಲ್ಲ" ಎಂದ. ಭದ್ರಾವತಿಗೆ ಸುನಾಮಿ ಬರುವುದು ಯಾವ ಕಡೆಯಿಂದ ಎಂದು ಅವನನ್ನು ಕೇಳಬೇಕಿತ್ತು. ನಿಮ್ಮಪ್ಪ ಬಗ್ಗಿ ಚೀಲವನ್ನು ಮೂಸಿದರು. ಚರ್ಮವೋ ಏನೋ ಎಂದು ಅವರಿಗೆ ಅನುಮಾನ. "ಚರ್ಮ ಅಲ್ಲ ಸಾಮಿ, ರೆಕ್ಸಿನ್ನು" ಎಂದು ಅವನು ಆಣೆ ಮಾಡಿದ. ನಾನೂ ಮೂಸಿದೆ. ಹೊಸ ರಬ್ಬರ್ ಚಪ್ಪಲಿಯ ವಾಸನೆ. ದೇವರ ಸಂಪುಷ್ಟವನ್ನು ಚಪ್ಪಲಿ ನಾರುವ ಚೀಲದಲ್ಲಿಟ್ಟು ಊರೂರು ತಿರುಗಿಸುವುದೇ ಎಂದು ಗದರಿಸಿದೆ. ನಿಮ್ಮಪ್ಪ ಚೀಲದ ನೆತ್ತಿಯ ಮೇಲೆ ಕೈಯಾಡಿಸಿ, "ಇದ್ರಲ್ಲಿ ಕಿಟಕಿ ಇಲ್ಲ, ಬೇಡ" ಎಂದು ಹೊರಗೆ ಬಂದರು. ಚೀಲಕ್ಕೆ ಕಿಟಕಿ! ಮನೆಯ ಅಡುಗೆಮನೆಗೊಂದು ಕಿಟಕಿ ಇಡಿಸಿ ಎಂದು ನಾನು ಎಷ್ಟು ವರ್ಷದಿಂದ ಹೇಳುತ್ತಿದ್ದೇನೆ, ನಿನಗೇ ಗೊತ್ತು.

ಆಮೇಲಿನದು ಮೊನ್ನೆ ಸೋಮವಾರದ ಕಥೆ. ನವುಲೆಯಲ್ಲಿ ವಿಜಯಕುಮಾರ್ ಎನ್ನುವವರ ಹೊಸ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇತ್ತು. ಮನೆಯಲ್ಲ ಅದು, ಬಾತ್‌ರೂಮುಗಳನ್ನು ಕಟ್ಟಿ ಮಿಕ್ಕ ಜಾಗದಲ್ಲಿ ಸೋಫಾ ಹಾಕಿದ್ದಾರೆ. ದೇವರಿಗೆ ಮೆಟ್ಟಿಲ ಕೆಳಗೆ ಒಂದು ಗೂಡು. ಯಜಮಾನರು ಕಲಶ ಇಡುವುದಕ್ಕೆ ಮೊದಲೇ, "ಸ್ವಲ್ಪ ಶಾರ್ಟಾಗಿ ಮುಗ್ಸಿ ಭಟ್ರೇ, ಕೇಟರಿಂಗ್‌ನೋರು ಕಾಯ್ತಿದಾರೆ" ಎಂದರು. ಫೋಟೋದವನಂತೂ ಮಂಟಪದ ಒಳಗೇ ಕಾಲಿಟ್ಟು, ಹೂವೇರಿಸುವ ಕೈಯನ್ನು ಹಿಡಿದು ನಿಲ್ಲಿಸಿ, ಇನ್ನೊಂದು ಸಲ ಏರಿಸಿ ಎಂದ. ಸಂಕಲ್ಪದ ಮಧ್ಯದಲ್ಲಿ ನಿಮ್ಮಪ್ಪ ತಡವರಿಸಿ ನಿಂತು ನನ್ನ ಮುಖ ನೋಡಿದರು. ಅವನ ಲೈಟು ಕಣ್ಣಿಗೆ ಹೊಡೆದಿತ್ತು. ನಾನು ಹಿಂದಿನಿಂದ ಮುಂದಿನ ಪದ ಹೇಳಿಕೊಟ್ಟೆ, ಪೂಜೆ ಸಾಗಿತು. ಕಥೆಯನ್ನು ಕೇಳಿದವರು ಯಾರೂ ಇಲ್ಲ. ಪ್ರಸಾದದ ಹೊತ್ತಿಗೆ ಮಾತ್ರ ಎಲ್ಲ ಮೂಲೆಗಳಿಂದಲೂ ಭಕ್ತರು ಎದ್ದು ಬಂದರು.

ಅಲ್ಲಿಂದ ಹೊರಟವರು ಸವಳಂಗ ರಸ್ತೆಯಲ್ಲಿ ಗಾಜಿನ ಬಾಗಿಲಿನ ಒಂದು ಅಂಗಡಿಯ ಎದುರು ನಿಂತರು. ಒಳಗೆ ಗೋಡೆಯ ತುಂಬ ಹೆಲ್ಮೆಟ್ಟುಗಳು, ರಾವಣನ ತಲೆಗಳ ಹಾಗೆ. ಗಡ್ಡ ಬಿಟ್ಟ ಒಬ್ಬ ಸೇಲ್ಸ್‌ಮನ್, ವಿಭೂತಿ, ಶಲ್ಯದ ನಿಮ್ಮಪ್ಪನನ್ನು ಮೇಲಿಂದ ಕೆಳಗೆ ನೋಡಿ, "ಟೂರಿಂಗಾ ಸರ್? ಸೋಲೋ ರೈಡಾ?" ಎಂದು ಕೇಳಿದ. ನಾನು ಪಕ್ಕದಲ್ಲಿ ಚೀಲ ಹೊತ್ತು ನಿಂತಿದ್ದರೂ ಸೋಲೋ! ಅವನು ತಂದ ಮೊದಲ ಬ್ಯಾಗು ನೋಡಬೇಕಿತ್ತು ನೀನು. ನಮ್ಮ ಟ್ಯಾಂಕಿನ ಮೇಲೆ ಇಟ್ಟರೆ ಟ್ಯಾಂಕೇ ಕಾಣಿಸದು, ಗಾಡಿ ಬಸುರಾದ ಹಾಗೆ. "ಹ್ಯಾಂಡ್ಲು ತಿರುಗುತ್ತಾ ನೋಡಪ್ಪ" ಎಂದೆ. "ಏನೂ ಆಗಲ್ಲ ಮೇಡಂ, ಲದಾಖಿಗೇ ಹೋಗ್ತಾರೆ" ಎಂದ. ನಿಮ್ಮಪ್ಪ ಹ್ಯಾಂಡಲನ್ನು ಎಡಕ್ಕೆ ಪೂರ್ತಿ ತಿರುಗಿಸಿದರು. ಬ್ಯಾಗಿನ ಮೂಲೆ ಹಾರ್ನಿಗೆ ಒತ್ತಿಕೊಂಡು ಗಾಡಿ ಬೊಬ್ಬೆ ಹೊಡೆಯತೊಡಗಿತು. ಹ್ಯಾಂಡಲ್ ವಾಪಸು ಬರಲೊಲ್ಲದು, ಬ್ಯಾಗು ಬಿಡಲೊಲ್ಲದು. ಎದುರಿನ ಬೇಕರಿಯವರೆಲ್ಲ ಎದ್ದು ನಿಂತು ನೋಡಿದರು. ಆ ಲದಾಖಿನವನು ಬ್ಯಾಗಿನ ಪಟ್ಟಿ ಎಲ್ಲಿದೆ ಎಂದು ಹುಡುಕುತ್ತಾ ಗಾಡಿಯ ಸುತ್ತ ಪ್ರದಕ್ಷಿಣೆ ಹಾಕಿದ. ನಾನು ಮೂಲೆ ಹಿಡಿದು ಎಳೆದ ಮೇಲೆ ಊರು ಶಾಂತವಾಯಿತು.

ನಂತರ ತಂದದ್ದು ಚಿಕ್ಕದು, ಪಟ್ಟಿಯಿಂದ ಕಟ್ಟುವಂಥದ್ದು. ಒಂದು ಪಟ್ಟಿ ಹ್ಯಾಂಡಲಿನ ಕುತ್ತಿಗೆಗೆ, ಎರಡು ಸೀಟಿನ ಕೆಳಕ್ಕೆ. ಬಟ್ಟೆಯದು, ವಾಸನೆ ಇಲ್ಲ, ಹ್ಯಾಂಡಲೂ ತಿರುಗುತ್ತದೆ. ನೆತ್ತಿಯ ಮೇಲೆ ಫೋನ್ ಇಡುವುದಕ್ಕೆ ಪಾರದರ್ಶಕ ಪ್ಲಾಸ್ಟಿಕ್ಕಿನ ಕಿಟಕಿ. ಅದನ್ನು ಕಂಡದ್ದೇ ನಿಮ್ಮಪ್ಪನ ಮುಖ ಅರಳಿತು. ಆದರೆ ಚೀಲ ಎಷ್ಟು ಚಿಕ್ಕದೆಂದರೆ ಸಂಪುಷ್ಟ ಇಟ್ಟರೆ ಪಂಚಪಾತ್ರೆ ಹಿಡಿಸದು, ಪಂಚಪಾತ್ರೆ ಇಟ್ಟರೆ ಜಿಪ್ಪು ಹಾಕಲಾಗದು. ದರ್ಭೆಯ ಕಟ್ಟಂತೂ ಅರ್ಧಕ್ಕರ್ಧ ಹೊರಗೆ. ಪೂಜಾ ಸಾಮಾನು ಹಿಡಿಸದ ಚೀಲವನ್ನು ಪೂಜಾ ಸಾಮಾನಿಗೆಂದು ಕೊಳ್ಳುವವರು ಲೋಕದಲ್ಲಿ ಇನ್ಯಾರಾದರೂ ಇದ್ದಾರೆಯೇ? "ರೀ, ಇದ್ರಲ್ಲಿ ಏನ್ ಹಿಡಿಸತ್ತೆ, ನಿಮ್ ನಶ್ಯದ ಡಬ್ಬಿನಾ?" ಎಂದು ಎಲ್ಲರ ಎದುರಿಗೇ ಕೇಳಿದೆ. ಅವರು ನನ್ನ ಕಡೆ ತಿರುಗದೆ, "ಇದೇ ಇರ್ಲಿ" ಎಂದು ಅವನಿಗೆ ಹೇಳಿದರು. ಬ್ಯಾಗು ಟ್ಯಾಂಕಿನ ಮೇಲೆ ಕೂತಿತು. ಅದರೊಳಗೆ ಒಂದು ಶಲ್ಯ, ಒಂದು ಕರ್ಪೂರದ ಪೊಟ್ಟಣ. ಮಿಕ್ಕ ಸಂಸಾರವೆಲ್ಲ ಮತ್ತೆ ನನ್ನ ತೊಡೆಯ ಮೇಲೆ.

ಇಷ್ಟಕ್ಕೇ ಮುಗಿಯಲಿಲ್ಲ. ಫೋನನ್ನು ಕಿಟಕಿಯೊಳಗಿಟ್ಟು, ಗಡ್ಡದವನ ಕೈಯಲ್ಲೇ ಮ್ಯಾಪು ಹಾಕಿಸಿದರು. ಎಲ್ಲಿಗೆ? ಭದ್ರಾವತಿಗೆ! ನಮ್ಮ ಮನೆಗೆ! ಯಾವುದೋ ಹೆಂಗಸು ಫೋನಿನೊಳಗಿಂದ ಎಡಕ್ಕೆ ತಿರುಗಿ, ನೇರ ಹೋಗಿ ಎನ್ನುವುದು, ಇವರು ವಿಧೇಯರಾಗಿ ತಿರುಗುವುದು. ನಾನು ಮೂವತ್ತು ವರ್ಷದಿಂದ ಹೇಳಿದ ಒಂದು ಮಾತಿಗೂ ಇಷ್ಟು ಬೇಗ ತಿರುಗಿದವರಲ್ಲ. "ಭದ್ರಾವತಿಗೆ ಹೋಗಕ್ಕೂ ಫೋನಮ್ಮನ್ನ ಕೇಳ್ಬೇಕೇನ್ರೀ?" ಎಂದು ಹಿಂದಿನಿಂದ ಕೂಗಿದೆ. ಪೇಟೆ ದಾಟುವ ಹೊತ್ತಿಗೆ ಬಿಸಿಲಿಗೆ ಆ ಪ್ಲಾಸ್ಟಿಕ್ಕಿನೊಳಗೆ ಫೋನು ಬೆಂದು ಹೋಗಿ ತಾನಾಗಿಯೇ ಬಂದ್ ಆಯಿತು. ಆ ಹೆಂಗಸು ಅರ್ಧ ದಾರಿಯಲ್ಲಿ ಕೈಬಿಟ್ಟಳು. ನಾನೇ ದಾರಿ ಹೇಳಿ ಮನೆಗೆ ಕರೆತಂದೆ ಎಂದು ಬರೆದಿಡು. ಬ್ಯಾಗು ಈಗ ಹಾಲಿನಲ್ಲಿ ಮಂಚದ ಮೇಲೆ ಅಳಿಯನ ಹಾಗೆ ಕೂತಿದೆ. ಒರೆಸಿದ್ದೇ ಒರೆಸಿದ್ದು. ಶಿವಪ್ರಸಾದನಿಗೆ ಫೋಟೋ ಹೋಗಿದೆ, ಅವನಿಂದ ಹೆಬ್ಬೆರಳು ಬಂದಿದೆ.

ಇಲ್ಲಿನ ಸುದ್ದಿ ಇಷ್ಟೇ. ನಿನ್ನ ಮನೆ ಓನರ್ ಕಲ್ಲಮ್ಮನವರಿಗೆ ನಮ್ಮ ನಮಸ್ಕಾರ ಹೇಳು. ಅವರು ಕೊಟ್ಟ ಜೋಳದ ರೊಟ್ಟಿಯನ್ನು ಮೂಗು ಮುರಿಯದೆ ತಿನ್ನು. ಹೊತ್ತಿಗೆ ಸರಿಯಾಗಿ ಮಲಗು. ನೀನು ನೂರು ಕಾಲ ಚೆನ್ನಾಗಿರು, ನಿನ್ನ ಗಂಟಲು ಇನ್ನಾದರೂ ಸರಿಹೋಗಲಿ.

ಇಂತು ನಿನ್ನ ಅಮ್ಮ,
ಸೀತಾ

ವಿ. ಸೂ.: ಇಲ್ಲಿಯವರೆಗೆ ಬರೆದದ್ದನ್ನು ನಿಮ್ಮಪ್ಪ ಓದಿದರು. ಎಮ್ಮೆಯಂಥ ಬೈಕು ಎನ್ನುವಲ್ಲಿ ನಕ್ಕರು. ಅವರು ಓದುತ್ತಾರೆಂದೇ ಹಾಗೆ ಬರೆದದ್ದು. ಈಗ ಸಂಜೆಯ ಮಂಗಳಾರತಿಗೆ ಬೀದಿ ಕೊನೆಯ ದೇವಸ್ಥಾನಕ್ಕೆ ಹೋಗಿದ್ದಾರೆ, ಬೇಗ ಬೇಗ ಬರೆಯುತ್ತೇನೆ. ಫೋನಿನಲ್ಲಿ ಆಗುವುದಿಲ್ಲ, ಪಕ್ಕದಲ್ಲೇ ಕೂತಿರುತ್ತಾರೆ. ಫೋನು ಬಂದ್ ಆದಾಗ ಅವರು ಸರ್ಕಲ್ಲಿನ ನಡುವೆಯೇ ಗಾಡಿ ನಿಲ್ಲಿಸಿಬಿಟ್ಟರು. ಹಿಂದೆ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಹಿಂದಕ್ಕೆ ತಿರುಗಿ, ಮೆಲ್ಲಗೆ, "ಸೀತಾ, ಈಗ ಯಾವ ಕಡೆ?" ಎಂದು ಕೇಳಿದರು. ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೆ. ಮುಖ ನೋಡಿದೆ, ತಮಾಷೆ ಅಲ್ಲ ಅಮ್ಮೂ. ದಾರಿ ಗೊತ್ತಿರಲಿಲ್ಲ. ಅಲ್ಲಿಂದ ಮನೆಯವರೆಗೆ ನಾನು ಎಡಭುಜ ಮುಟ್ಟಿದರೆ ಎಡಕ್ಕೆ, ಬಲಭುಜ ಮುಟ್ಟಿದರೆ ಬಲಕ್ಕೆ ತಿರುಗಿಸಿದರು. ಗೇಟಿನ ಹತ್ತಿರ ಇಳಿದ ಮೇಲೆ, "ಅಮ್ಮೂಗೆ ಹೇಳ್ಬೇಡ" ಎಂದರು. ನವುಲೆಯಲ್ಲಿ ಲೈಟು ಹೊಡೆದದ್ದೂ ಸುಳ್ಳು. ಯಜಮಾನರ ಗೋತ್ರದ ಬದಲು ತಮ್ಮದೇ ಗೋತ್ರ ಹೇಳಿ, ಮುಂದೆ ಏನೂ ತೋಚದೆ ನಿಂತುಬಿಟ್ಟಿದ್ದರು. ಅದು ಮೊದಲನೆಯ ಸಲವೂ ಅಲ್ಲ, ವಯಸ್ಸು ಎಂದುಕೊಂಡು ಹೇಳಿಕೊಡುತ್ತಾ ಬಂದೆ. ಅವರಿಗೆ ಆ ಕಿಟಕಿ ಯಾಕೆ ಬೇಕಾಗಿತ್ತು ಎಂದು ಈಗ ತಿಳಿಯಿತು. ಅಷ್ಟು ಜನರ ಎದುರು ನಾನು ಆಡಿಕೊಂಡೆ. ಅಮಾವಾಸ್ಯೆ ಕಳೆದ ಮೇಲೆ ಒಬ್ಬರೇ ಹೋಗುವುದಾಗಿ ಶಿವಪ್ರಸಾದನ ಹತ್ತಿರ ಎರಡು ಕಡೆಯ ಪೂಜೆಗೆ ಒಪ್ಪಿಕೊಂಡಿದ್ದಾರೆ. ಅದಕ್ಕೆ ಮೊದಲೇ ರಜೆ ಹಾಕಿ ಬಾ. ನರದ ಡಾಕ್ಟರ ಹತ್ತಿರ ಎಂದರೆ ಬರುವವರಲ್ಲ. ನಿನ್ನ ಬ್ಯಾಂಕಿನಲ್ಲಿ ಅಪ್ಪ ಅಮ್ಮ ಇಬ್ಬರಿಗೂ ತಪಾಸಣೆ ಮಾಡಿಸಲೇಬೇಕು ಎಂದು ರೂಲ್ಸ್ ಬಂದಿದೆ ಅಂತ ಹೇಳು, ನಿನ್ನ ನೌಕರಿಗೆ ತೊಂದರೆ ಎಂದರೆ ಎದ್ದು ಬರುತ್ತಾರೆ. ಮೊದಲು ನನ್ನನ್ನೇ ಒಳಗೆ ಕಳಿಸು, ಅನುಮಾನ ಬರುವುದಿಲ್ಲ. ಬಂದಾಗ ಅಳಬೇಡ. ಮಿಕ್ಕದ್ದೇನು ಮರೆತರೂ ನಿನ್ನ ಮುಖ ಓದುವುದನ್ನು ಅವರಿನ್ನೂ ಮರೆತಿಲ್ಲ. ಚಪ್ಪಲಿ ಬಿಡುವ ಸದ್ದು ಕೇಳಿಸಿತು. ಕವರು ಅಂಟಿಸುತ್ತಿದ್ದೇನೆ.