ಕಿಂಡಿ ಮುಚ್ಚಿದ ಕೋಟೆಗೋಡೆಯ ಬುಡದಿಂದ

ಕೋಟೆಯ ಸಂರಕ್ಷಣಾಧಿಕಾರಿಗಳೇ,

ರಾತ್ರಿ ಎರಡೂವರೆಗೆ ನನ್ನನ್ನು ಎಬ್ಬಿಸಿದ್ದು ಮಗುವಲ್ಲ, ನಿಮ್ಮ ಗೋಡೆ. ಯಾರೋ ನಿದ್ದೆಯಲ್ಲಿ ಹಲ್ಲು ಕಡಿದಂಥ ಸದ್ದು. ಆಮೇಲೆ ಬೀರುವಿನ ಹಿಂದೆ ಮಣ್ಣು ಸರಸರನೆ ಉದುರಿತು. ನಮ್ಮ ಮಲಗುವ ಕೋಣೆಯ ಹಿಂಗೋಡೆಯೇ ನಿಮ್ಮ ಕೋಟೆಗೋಡೆ. ತೊಟ್ಟಿಲನ್ನು ಮುಂದಿನ ಕೋಣೆಗೆ ಎಳೆದು ತಂದು, ಊರಿನವರೆಲ್ಲ ಓದಲಿ ಎಂದು ನಿಮ್ಮ ಕಚೇರಿಯ ಜಾಲಪುಟದಲ್ಲೇ ಇದನ್ನು ಬರೆಯುತ್ತಿದ್ದೇನೆ. ಮೊದಲು ಕೊಟ್ಟ ಅರ್ಜಿ ನಿಮ್ಮ ಮೇಜಿನ ಮೇಲೆ ನನಗಿಂತ ಸುಖವಾಗಿ ನಿದ್ರಿಸುತ್ತಿದೆ.

ನನ್ನ ದೂರು ಇಷ್ಟೇ. ಗೋಡೆಯಲ್ಲಿದ್ದ ನೀರುಕಿಂಡಿಗಳಿಗೆ ನೀವು ಸಿಮೆಂಟು ಮೆತ್ತಿಸಿದ್ದೀರಿ. ಗೋಡೆಯ ಹಿಂದಿನ ಮಣ್ಣಿನ ದಿಬ್ಬದ ಮೇಲೆ ಹುಲ್ಲುಹಾಸು ಬೆಳೆಸಿ ಹಗಲೂ ರಾತ್ರಿ ನೀರು ಬಿಡುತ್ತಿದ್ದೀರಿ. ಆ ನೀರು ಎಲ್ಲಿಗೆ ಹೋಗಬೇಕು? ನಿಮ್ಮ ಅನುಮತಿ ಕೇಳಿ ಮೇಲಕ್ಕೆ ಹರಿಯಬೇಕೇ? ಬೆಳಗಾದರೆ ಅದೇ ಗೋಡೆಯ ಬುಡದಲ್ಲಿ ಜನರನ್ನು ನಿಲ್ಲಿಸಿ, ಬ್ಯಾಂಡು ಬಾರಿಸಿ, ‘ನವೀಕೃತ ಕೋಟೆ’ಯನ್ನು ಉದ್ಘಾಟಿಸಲಿದ್ದೀರಿ.

ಕಳೆದ ವಾರ ಮಗುವನ್ನು ಹೆಗಲಿಗೆ ಹಾಕಿಕೊಂಡು ನಿಮ್ಮ ಕಚೇರಿಗೆ ಬಂದಿದ್ದೆ. ನೀವು ಸಭೆಯಲ್ಲಿದ್ದಿರಿ. ನಿಮ್ಮ ಸಹಾಯಕರು ಮಗುವಿನ ಕೆನ್ನೆ ಮುಟ್ಟಿ ನಕ್ಕರು.

“ಮೇಡಂ, ಅಷ್ಟು ಶತಮಾನದಿಂದ ನಿಂತಿರೋ ಗೋಡೆ, ನಿಮ್ಮ ಪಾಪು ಹುಟ್ಟಿತು ಅಂತ ಬೀಳುತ್ತಾ?”

“ಕಿಂಡಿ ಯಾಕೆ ಮುಚ್ಚಿದ್ರಿ?”

“ನೀರು ಒಸರಿ ಕಲೆ ಆಗ್ತಿತ್ತು. ಫೋಟೋದಲ್ಲಿ ಚೆನ್ನಾಗಿ ಕಾಣ್ತಿರಲಿಲ್ಲ. ನೀವು ಸ್ವಲ್ಪ ನಿದ್ದೆ ಮಾಡಿ ಮೇಡಂ, ಬಾಣಂತಿಯರಿಗೆ ಏನೇನೋ ಕೇಳಿಸುತ್ತೆ.”

ಮನೆಗೆ ಬಂದು ಹೇಳಿದರೆ ಅತ್ತೆಯೂ ಬಿಡಲಿಲ್ಲ. “ನಿನಗೂ ಗೋಡೆಗೂ ಒಂದೇ ಕಾಯಿಲೆ ಕಣೇ. ಇಬ್ರಿಗೂ ನಿದ್ದೆ ಇಲ್ಲ, ಇಬ್ರೂ ಗೊಣಗ್ತೀರಿ!”

ಕಾಲೇಜಿನಲ್ಲಿ ನಾನು ಓದಿದ್ದು ಇತಿಹಾಸ, ಅದರಲ್ಲೂ ಈ ಕೋಟೆಯನ್ನು ಆಳಿದ ವಂಶದ ಕೊನೆಗಾಲ. ಆದ್ದರಿಂದ ನಿಮ್ಮ ಸಹಾಯಕರ ಮಾತು ಹೊಸದೆನಿಸಲಿಲ್ಲ. ಕೋಟೆ ಕಟ್ಟಿಸಿದ ಅಜ್ಜ ದೊರೆ ನೀರಿಗೆ ದಾರಿ ಬಿಟ್ಟೇ ಕಲ್ಲು ಇಡಿಸಿದ. ಮಗನ ಕಾಲಕ್ಕೆ ಗಡಿಯ ಸೀಮೆಗಳು ಒಂದೊಂದಾಗಿ ಕೈತಪ್ಪಿದವು. ಮೊಮ್ಮಗನ ಪಾಲಿಗೆ ಉಳಿದದ್ದು ಈ ಊರು, ಬರಿದಾದ ಕಣಜ, ಸಂಬಳ ಕಾಣದ ಸೈನಿಕರು. ಅವನನ್ನು ಜನ ಕರೆದದ್ದು ‘ಸುಣ್ಣದ ದೊರೆ’ ಎಂದು. ನೆರೆರಾಜ್ಯದ ದೂತರು ಬರುವ ಸುದ್ದಿ ಬಂದಾಗ ಅವನನ್ನು ಕಾಡಿದ್ದು ಖಾಲಿ ಕಣಜವಲ್ಲ, ಕಿಂಡಿಗಳಿಂದ ಇಳಿದ ನೀರಿನ ಕಲೆ. ‘ಕೋಟೆ ಅಳುತ್ತಿದೆ’ ಎಂದು ಊರು ಆಡಿಕೊಳ್ಳುತ್ತಿತ್ತು. ಕಿಂಡಿ ಮುಚ್ಚಿಸಿ, ಗೋಡೆಗೆ ಬೆಳ್ಳಗೆ ಸುಣ್ಣ ಹೊಡೆಸಿದ. ಮಳೆಗಾಲ ಕಳೆಯುವ ಮುನ್ನವೇ ಪ್ರಜೆಗಳನ್ನು ಗೋಡೆಯ ಬುಡದಲ್ಲಿ ಸಾಲಾಗಿ ನಿಲ್ಲಿಸಿ, ನಗಾರಿ ಬಾರಿಸಿ, ದೂತರಿಗೆ ತನ್ನ ವೈಭವ ತೋರಿಸಿದ. ಗೋಡೆ ಜೈಕಾರದ ಮೇಲೆಯೇ ಬಿತ್ತು. ನೆರೆಯ ಸೈನ್ಯ ಆಮೇಲೆ ಬಂದದ್ದು, ತೆರೆದ ಬಾಗಿಲಿಗೆ ನೆಂಟರು ಬಂದಂತೆ. ಗೆದ್ದವರು ಬಿದ್ದ ಭಾಗವನ್ನು ಮತ್ತೆ ಕಿಂಡಿ ಬಿಟ್ಟೇ ಕಟ್ಟಿಸಿದರು; ನಮ್ಮ ಹಿಂಗೋಡೆ ಅದೇ.

ಇದೇ ಜಾಗದಲ್ಲಿ ಮೊದಲಿದ್ದ ಫಲಕದಲ್ಲಿ ‘ಗೋಡೆ ತಾನಾಗಿ ಕುಸಿದ ಸ್ಥಳ’ ಎಂದಿತ್ತು. ನಿಮ್ಮ ಹೊಸ ಫಲಕ ‘ಶತ್ರುಗಳು ಒಡೆದ ಸ್ಥಳ’ ಎನ್ನುತ್ತದೆ. ಹೊರಗಿನಿಂದ ಶತ್ರು ಹೊಡೆದರೆ ಕಲ್ಲು ಒಳಕ್ಕೆ ಬೀಳಬೇಕಲ್ಲವೇ? ಹಳೆಯ ಕಲ್ಲುಗಳೆಲ್ಲ ಕೋಟೆಯ ಹೊರಗೆ, ಬೀದಿಯ ಕಡೆಗೆ ಬಿದ್ದಿವೆ. ನಮ್ಮ ಬಚ್ಚಲ ಮುಂದಿನ ಬಟ್ಟೆ ಒಗೆಯುವ ಕಲ್ಲೂ ಅವುಗಳಲ್ಲೊಂದು. ಫಲಕ ಬದಲಾಯಿಸಿದ್ದು ಯಾರು? ಯಾರಿಗೆ, ಯಾವಾಗ, ಯಾಕೆ ಅದರ ಅಗತ್ಯ ಬಿತ್ತು?

ಈ ಪ್ರಶ್ನೆಗಳನ್ನು ನನ್ನಷ್ಟಕ್ಕೆ ನುಂಗಿಕೊಂಡಿರುತ್ತಿದ್ದೆನೇನೋ. ಆದರೆ ನಿನ್ನೆ ಸಂಜೆ ಗಣ್ಯರ ಕುರ್ಚಿಗಳನ್ನು ಗೋಡೆಯ ಬುಡದಿಂದ ಎತ್ತಿ ಬೀದಿಯ ಆಚೆ ಬದಿಗೆ ಸಾಗಿಸುತ್ತಿದ್ದುದನ್ನು ಕಂಡೆ. ಜನ ನಿಲ್ಲುವ ಜಾಗಕ್ಕೆ ಕಟ್ಟಿದ ಹಗ್ಗ ಮಾತ್ರ ಅಲ್ಲೇ ಇತ್ತು.

“ಕುರ್ಚಿ ಯಾಕಣ್ಣ ಆ ಕಡೆ?” ಎಂದೆ.

“ಬಿಸಿಲು ಬೀಳುತ್ತೆ ಅಂತೆ, ಅಕ್ಕ,” ಎಂದ ಕುರ್ಚಿ ಹೊತ್ತವನು.

ಸುಣ್ಣದ ದೊರೆಯ ಮಂಟಪವೂ ಗೋಡೆ ಬೀಳುವ ಹಿಂದಿನ ದಿನ ದೂರಕ್ಕೆ ಸರಿದಿತ್ತು. ಆಸ್ಥಾನದವರು ಬರೆದಿಟ್ಟ ಕಾರಣವೂ ಬಿಸಿಲೇ. ಎರಡು ಕಾಲದಲ್ಲೂ ಸೂರ್ಯ ದೊಡ್ಡವರನ್ನೇ ಹುಡುಕಿಕೊಂಡು ಬರುತ್ತಾನೆ, ನೋಡಿ. ಗೋಡೆಯ ಸ್ಥಿತಿ ನಿಮಗೆ ಗೊತ್ತಿಲ್ಲ ಎಂದು ನಾನು ನಂಬಬೇಕೇ? ಗೊತ್ತಿಲ್ಲದಿದ್ದರೆ ನೀವು ಆ ಹುದ್ದೆಯಲ್ಲಿ ಯಾಕಿದ್ದೀರಿ? ಗೊತ್ತಿದ್ದರೆ ಹಗ್ಗ ಇನ್ನೂ ಅಲ್ಲೇ ಯಾಕಿದೆ?

ಮನೆ ಬಿಟ್ಟು ಹೋಗಬಹುದಲ್ಲ ಎನ್ನುತ್ತೀರಿ. ಹೋಗುತ್ತಿದ್ದೇವೆ. ಸದ್ದು ಕೇಳಿ ಎದ್ದ ಅತ್ತೆ ಗೋಡೆಗೆ ಅಂಗೈ ಇಟ್ಟು ನೋಡಿದರು. ಈ ಸಲ ತಮಾಷೆ ಮಾಡಲಿಲ್ಲ. “ಉಬ್ಬಿದೆ ಕಣೇ. ಮಗೂನ ಎತ್ಕೋ,” ಎಂದವರೇ ಅಕ್ಕಪಕ್ಕದ ಬಾಗಿಲು ಬಡಿಯಲು ಹೋಗಿದ್ದಾರೆ. ಬೀದಿಯನ್ನು ಅವರು ಎಬ್ಬಿಸಿಯಾರು. ಹೊಸ ಬಟ್ಟೆ ತೊಟ್ಟು ಊರಿನ ಎಲ್ಲ ಮೂಲೆಗಳಿಂದ ಬರುವವರನ್ನು ಯಾರು ತಡೆಯಬೇಕು?

ದಿಬ್ಬದ ನೀರಿನ ಬೀಗದ ಕೈ ಕಾವಲುಗಾರನ ಬಳಿಯಿದೆ. ಕಿಟಕಿಯಿಂದ ಕೂಗಿ ಕೇಳಿದೆ. “ಸಾಹೇಬ್ರು ಫೋನ್ ಮಾಡಿ ಹೇಳಿದ್ರೆ ನಿಲ್ಲಿಸ್ತೀನಮ್ಮ, ನನ್ನ ಕೆಲಸ ಹೋಗುತ್ತೆ,” ಎಂದ. ನೀವು ಅವನಿಗೊಂದು ಫೋನ್ ಮಾಡಬೇಕು. ನೀರು ನಿಲ್ಲಲಿ, ಕಿಂಡಿಗಳನ್ನು ಒಡೆಸಿ, ಹಗ್ಗವನ್ನು ನಿಮ್ಮ ಕುರ್ಚಿಗಳ ಪಕ್ಕಕ್ಕೆ ಕಟ್ಟಿಸಿ. ಫಲಕದಲ್ಲಿ ಏನು ಬೇಕಾದರೂ ಬರೆಸಿಕೊಳ್ಳಿ, ನಾನು ಜಗಳಕ್ಕೆ ಬರುವುದಿಲ್ಲ. ನಾನು ಹುಚ್ಚಿ ಎಂದು ಬೇಕಾದರೂ ಬರೆಸಿ.

ಇದನ್ನು ಓದುತ್ತಿರುವ ಯಾರೇ ಆಗಿರಿ, ಈ ಅಧಿಕಾರಿಯ ಮನೆಯ ಫೋನ್ ಗೊತ್ತಿದ್ದರೆ ಅವರನ್ನು ಎಬ್ಬಿಸಿ. ಬೈದರೆ, ಗೋಡೆಯ ಬುಡದ ಮನೆಯ ಬಾಣಂತಿ ಹೇಳಿದಳು ಎನ್ನಿ. ಗೋಡೆ ಮತ್ತೆ ಹಲ್ಲು ಕಡಿಯುತ್ತಿದೆ, ಮೇಲೆ ನೀರು ಇನ್ನೂ ಚಿಮ್ಮುತ್ತಿದೆ. ಬ್ಯಾಂಡಿನವರು ಬರುವ ಮೊದಲು, ಬೆಳಗಾಗುವ ಮೊದಲು, ಫೋನ್ ಮಾಡಿ. ನಿಮ್ಮ ದಮ್ಮಯ್ಯ, ಫೋನ್ ಮಾಡಿ.

ಇಂತಿ,
ನನ್ನ ಮಾತು ಸುಳ್ಳಾಗಲೆಂದು ಬೇಡಿಕೊಳ್ಳುತ್ತಿರುವ,
ಹಗ್ಗದ ಈಚೆಗಿನ ಒಬ್ಬ ತಾಯಿ