ಕೆರೆಯ ತಳದಲ್ಲಿ ಕಪ್ಪೆಚಿಪ್ಪು

ಹೇಮಶ್ರೀ,

ಗೆದ್ದೆವು ಕಣೇ! ಬೆಳಿಗ್ಗೆ ಕೆಂಗೇರಿಯಾಚೆಯ ನಮ್ಮ ಕೆರೆಯ ತಳದ ಕೆಸರನ್ನು ಜರಡಿ ಹಿಡಿದೆ. ಚರಂಡಿ ನೀರು ಸೇರುತ್ತಿದ್ದ ಕಾಲದಲ್ಲಿ ಅಲ್ಲಿ ಸಿಗುತ್ತಿದ್ದದ್ದು ಬರೀ ಕೆಂಪು ಹುಳು. ಇಂದು ಹುಳು ಕಡಿಮೆ. ಕಡಲೆಕಾಳಿನಷ್ಟು ಚಿಕ್ಕ ಕಪ್ಪೆಚಿಪ್ಪೊಂದು ಸಿಕ್ಕಿತು, ಜೀವಂತವಾಗಿ!

“ಇದೊಂದಕ್ಕೆ ಹಿಂಗೆ ಕುಣೀತೀರಲ್ಲ ಮೇಡಂ,” ಎಂದು ದೋಣಿಯ ಕರಿಬಸಪ್ಪ ನಕ್ಕರು.

“ಮರಿ ಇದೆ ಅಂದ್ರೆ ಇಲ್ಲೇ ಸಂಸಾರ ಹೂಡಿದಾವೆ ಅಣ್ಣಾ!” ಎಂದೆ.

ಮುಂದಿನ ಜರಡಿಯಲ್ಲಿ ಮುಷ್ಟಿ ತುಂಬ ಮರಿಗಳು. ಆಗ ಅವರೂ ಕುಣಿದರು. ದೋಣಿ ಮಗುಚುವುದೊಂದು ಬಾಕಿ.

ಕೆರೆ ಸತ್ತಿದೆ ಎಂದ ಅಧಿಕಾರಿಗಳೆದುರು “ತಳಕ್ಕೆ ಇನ್ನೂ ಜೀವ ಇದೆ ಸಾರ್” ಎಂದು ಹಟ ಹಿಡಿದವಳು ನೀನು. ನೀನು ತೀರಿಕೊಂಡ ಮೇಲೂ ದೋಣಿಯಲ್ಲಿ ನಿನ್ನ ಜಾಗದಲ್ಲಿ ಯಾರನ್ನೂ ಕೂರಿಸಿಲ್ಲ. ಖುಷಿಯಲ್ಲಿ ಆ ಕಡೆಗೇ ಅಂಗೈ ಚಾಚಿ, “ನೋಡೇ!” ಎಂದು ಕೂಗಿಬಿಟ್ಟೆ.

ಕೋಕಿಲಾ