ಡೀನ್ ಸಾಹೇಬರಿಗೆ ಹಾಕಿದ ಎರಡನೇ ಕಾಗದ

ಕಾಕಾ,

ನಮಸ್ಕಾರಾ ಅಂತ ಬರಿಯಾಕ ಕೈ ಬರವಲ್ದು. ಹುಟ್ಟಿದಾಗಿಂದ ಒಂದ ಮನ್ಯಾಗ ಇದ್ದವರಿಗೆ ಯಾರರ ಹಂಗ ಬರೀತಾರೇನ್ರಿ? ನೌಕರಿ ಸುದ್ದಿ ಹೇಳೂದೈತಿ. ಅದಕ್ಕೂ ಮೊದಲ ನಿಮ್ಮ ಕೂಡ ಒಂದು ಜಗಳಾ ಬಾಕಿ ಐತಿ.

ಡೀನ್ ಸಾಹೇಬರ ಮೊದಲನೇ ಕಾಗದ ಬಂದ ದಿನ ನೆನಪೈತೇನ್ರಿ? ಹುಬ್ಬಳ್ಳ್ಯಾಗ ಹೊಸಾ ಮೆಡಿಕಲ್ ಕಾಲೇಜಿನ್ಯಾಗ ಅನಾಟಮಿ ಕಲಸೂ ಜಾಗಾ ಖಾಲಿ ಐತಿ, ಬರ್ತೀರೇನು, ಕೇಳೂದೇನರ ಇದ್ರ ಕೇಳ್ರಿ ಅಂತ ಬರದಿದ್ರು. ಡಾಕ್ಟರ ಆದಾಗಿಂದ ನನಗ ಅದ ಒಂದ ಆಶಾ. ನೀವು ಚಸ್ಮಾ ಏರಿಸಿ ಎರಡು ಸಲ ಓದಿ, "ಎಂಟು ದಿನ ತಡೀ. ಲಗೂ ಉತ್ತರಾ ಕೊಟ್ರ ಹಸದವರಂಗ ಕಾಣತೇವಿ," ಅಂದ್ರಿ. ಜನ್ಮಾ ಪೂರ್ತಿ ಕಚೇರ್ಯಾಗ ಹೆಡ್ ಕ್ಲಾರ್ಕ ಆಗಿದ್ದವರ ಮುಂದ ನಾ ಏನ್ ಮಾತಾಡ್ಲಿ?

ಎಂಟನೇ ದಿನ ನನ್ನ ಕರಡು ತಿದ್ದಾಕ ಕುಂತ್ರಿ. ವಾರಕ್ಕ ಎಷ್ಟು ತಾಸು ಕಲಸಬೇಕು, ಮುಂದ ಎಂ.ಎಸ್. ಓದಾಕ ಬಿಡ್ತೀರೇನು, ಹೆಣ್ಮಕ್ಕಳಿಗೆ ವಸತಿ ಐತೇನು ಅಂತ ಕೇಳಿದ್ನಿ. ಮೂರಕ್ಕೂ ಕೆಂಪು ಶಾಯಿ ಎಳದ್ರಿ. "ನೌಕರಿ ಕೊಡೋರಿಗೆ ಪ್ರಶ್ನಿ ಕೇಳಬಾರದು, ತಂಗಿ. ಬಾಯಿ ಬಿಟ್ರ ಬಣ್ಣಗೇಡು." ಒಳಗಿಂದ ಕಾಕು, "ಅಳದಿದ್ರ ತಾಯೀನೂ ಹಾಲು ಕುಡಸಂಗಿಲ್ಲರಿ," ಅಂದ್ರ ಅಕಿನ್ನೂ ಝಾಡಿಸಿದ್ರಿ. ಕಡೀಕ ಇಂಗ್ಲಿಷಿನ್ಯಾಗ ಹೋದದ್ದೇನು? ತಮ್ಮ ಚಿತ್ತಕ್ಕ ಬಂದಂಗ ಆಗ್ಲಿ, ಇಂತೀ ವಿಧೇಯಳು. ಅಷ್ಟ! ಮ್ಯಾಲ ಅದನ್ನ ಕನ್ನಡದಾಗ ಅರ್ಥಾ ಮಾಡಿ ಇಡೀ ಓಣಿಗೆ ಓದಿ ಹೇಳಿದ್ರಿ.

ತಿಂಗಳಾತು, ಉತ್ತರಾ ಇಲ್ಲ. ಇನ್ನೊಂದು ಹಾಕ್ಲೇನು ಅಂದ್ರ, "ದೊಡ್ಡವರಿಗೆ ನೆನಪು ಮಾಡಬಾರದು," ಅಂದ್ರಿ. ಖರೇ ಹೇಳ್ತೇನಿ ಕಾಕಾ, ಭಾಳ ಸಿಟ್ಟು ಬಂದಿತ್ತು. ಆದ್ರ ಅಪ್ಪ ಇಲ್ಲದಾಕಿನ್ನ ಓದಿಸಿ ಡಾಕ್ಟರ ಮಾಡಿದವರ ಮುಂದ ಹೆಂಗ ಆಡ್ಲಿ? ಇವತ್ತ ಆಡ್ಲಿ, ನಾಳಿ ಆಡ್ಲಿ ಅನ್ನೂದ್ರಾಗ ನೀವು...

ನಿಮ್ಮ ಹದಿಮೂರನೇ ದಿನದ ಕರ್ಮ ಮುಗದ ಮರುದಿನ, ಕಾಕೂಗೂ ಹೇಳದ, ಕಾಗದ ಬರದ್ನಿ. ಕರಡಿಲ್ಲ, ಎಂಟು ದಿನ ಇಲ್ಲ. ಮೂರೂ ಪ್ರಶ್ನಿ ಹಾಕಿ, ಈ ಕೆಲಸಾ ನನಗ ಬೇಕೇ ಬೇಕು ಅಂತ ಕೆಳಗ ಸೇರಿಸಿದ್ನಿ. ನಾನ ಹೋಗಿ ಟಪಾಲ ಡಬ್ಬಿಗೆ ಹಾಕಿ ಬಂದ್ನಿ.

ಐದ ದಿನಕ್ಕ ಉತ್ತರಾ ಬಂತು. "ನಿಮ್ಮ ಮೊದಲನೇ ಪತ್ರ ಮನಿಯವರ ಒತ್ತಾಯಕ್ಕ ಬರದಂಗಿತ್ತು, ನಿಮಗ ಮನಸ್ಸಿಲ್ಲ ಅಂತ ತಿಳದು ಬ್ಯಾರೆಯವರನ್ನ ಕರಿಯೂದ್ರಾಗಿದ್ದೆ," ಅಂತ ಸಾಹೇಬರು ನನಗ ಬರದಿದ್ರು. ಎರಡು ವರ್ಷದ ಮ್ಯಾಲ ಎಂ.ಎಸ್.ಗೆ ಬಿಡ್ತಾರಂತ. ವಸತಿ ಇಲ್ಲಂತ. ಸೋಮವಾರ ಬಂದು ಸೇರ್ಕೋರಿ ಅಂದಿದ್ರು. ನಾ "ಕಾಕಾ, ಸಿಕ್ತರಿ!" ಅಂತ ಒದರಿಕೋತ ಪಡಸಾಲಿಗೆ ಓಡಿದ್ನಿ. ಅಲ್ಲಿ ಕಾಕು ಒಬ್ಬಾಕಿನ ಅಕ್ಕಿ ಆರಸಾಕತ್ತಿದ್ಲು. ಇಬ್ಬರೂ ಕುಂತು ಅತ್ವಿ.

ಈಗ ದಿನಾ ಮುಂಜಾನಿ ಧಾರವಾಡದಿಂದ ರೈಲಿಗೆ ಹೋಗಿ ಬರ್ತೇನಿ. ಹುಡುಗರು ಮೊದಲ ವಾರ ನಕ್ರು, ಈಗ ಸುಮ್ಮನ ಕೇಳ್ತಾರ. ಓಣ್ಯಾಗಿನ ಮಂದಿ ನನ್ನ ನಿಂದರಿಸಿ, "ಏನ್ ಕಾಗದ ಬರದಿದ್ರವಾ ನಿಮ್ಮ ಕಾಕಾ! ಅದಕ್ಕ ನೌಕರಿ ಬಂತು," ಅಂತಾರ. ಕಾಕೂನೂ ಹಂಗ ತಿಳಕೊಂಡಾಳ, ಮನಿಗೆ ಬಂದವರಿಗೆಲ್ಲಾ ಚಹಾ ಕೊಟ್ಟು ಅದನ್ನ ಹೇಳ್ತಾಳ. ಸಾಹೇಬರ ಉತ್ತರಾ ಇಂಗ್ಲಿಷಿನ್ಯಾಗ ಐತಿ, ಅಕಿಗೆ ಓದಾಕ ಬರಂಗಿಲ್ಲ. ನಾ ಓದಿ ಹೇಳಿಲ್ಲ, ಹೇಳೂದೂ ಇಲ್ಲ. ಯಾರು ಕೇಳಿದ್ರೂ, "ಹೂಂನ್ರಿ, ನಮ್ಮ ಕಾಕಾ ಬರದ ಕಾಗದಾನ ಕೆಲಸಾ ಮಾಡ್ತು," ಅಂತೇನಿ.

ನಿಮ್ಮ
ಸುಮಿತ್ರಾ